ಟೆನಿಸ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಮೊದಲ ರಾಕೆಟ್‌ನಿಂದ ಮೊದಲ ಪಂದ್ಯದವರೆಗೆ

ಹೊಸದಾಗಿ ಕಲಿಯುವವರು, ಬಿಟ್ಟು ಮತ್ತೆ ಶುರು ಮಾಡುವವರು, ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಪ್ರಶ್ನೆಗಳು ಕೈ ಮತ್ತು ರಾಕೆಟ್ ಬಗ್ಗೆ ಇರುತ್ತವೆ. ನನ್ನ ಉತ್ತರಗಳು ಮಾತ್ರ ಸುತ್ತಿ ಬಳಸಿ ಕಾಲಿಗೇ ಬರುತ್ತವೆ. ಟೆನಿಸ್‌ನಲ್ಲಿ ಚೆಂಡಿನ ಹತ್ತಿರ ಹೊತ್ತಿಗೆ ಸರಿಯಾಗಿ ತಲುಪಿದವರಿಗೆ ಹೊಡೆತ ಅರ್ಧ ಬಂದ ಹಾಗೆಯೇ ಎಂಬುದು ನನ್ನ ಗಟ್ಟಿ ನಂಬಿಕೆ. ಎಲ್ಲವನ್ನೂ ಒಟ್ಟಿಗೆ ಓದಬೇಕಾಗಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

## ಶುರು ಮಾಡುವ ಮುನ್ನ

ನನಗೆ 45 ಆಯ್ತು. ಈಗ ಶುರು ಮಾಡಿದರೆ ಟೆನಿಸ್ ಬರುತ್ತಾ?

ಬರುತ್ತದೆ. ನಿಮ್ಮದೇ ಮಟ್ಟದವರ ಜೊತೆ ರ‍್ಯಾಲಿ ಆಡಿ, ಸ್ಕೋರ್ ಇಟ್ಟು, ಬೆವರು ಹರಿಸಿ ಖುಷಿಯಾಗಿ ಮನೆಗೆ ಹೋಗುವ ಹಂತಕ್ಕೆ ಯಾವ ವಯಸ್ಸಿನಲ್ಲಿ ಶುರು ಮಾಡಿದರೂ ತಲುಪಬಹುದು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಹಿರಿಯರಿಗೆಂದೇ ನಡೆಸುವ ಪಂದ್ಯಗಳಲ್ಲಿ 30 ದಾಟಿದವರಿಂದ ಹಿಡಿದು 90 ದಾಟಿದವರವರೆಗೂ ಬೇರೆ ಬೇರೆ ಗುಂಪುಗಳಿವೆ.

ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅವರು ಚಿಕ್ಕಂದಿನಿಂದ ಆಡಿದವರು, ನಿಜ. ಆದರೆ ಮೊಣಕಾಲು ಸವೆದು ನೋವು ಕಾಡುತ್ತಿದ್ದಾಗ ಅಯ್ಯಂಗಾರ್ ಯೋಗ ಹಿಡಿದು ಮೈಯನ್ನು ಮತ್ತೆ ಆಟಕ್ಕೆ ತಂದವರೂ ಹೌದು. ನಲವತ್ತರ ಮೇಲೂ ಮೈ ಮಾತು ಕೇಳುತ್ತದೆ. ಕೇಳಿಸಿಕೊಳ್ಳಲು ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತದೆ, ಅಷ್ಟೇ. ಹೃದಯದ ತೊಂದರೆ, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಮೊದಲ ದಿನಕ್ಕೂ ಮುಂಚೆ ಡಾಕ್ಟರನ್ನು ಕಂಡು ಬನ್ನಿ.

ಮೊದಲು ತೂಕ ಇಳಿಸಿ, ಫಿಟ್ ಆಗಿ, ಆಮೇಲೆ ಬರೋಣ ಅಂತಿದ್ದೇನೆ. ಸರಿನಾ?

ಕಾಯಬೇಡಿ. ಹಾಗೆ ಮುಂದಕ್ಕೆ ಹಾಕಿದವರಲ್ಲಿ ಬಹಳ ಜನ ಬರುವುದೇ ಇಲ್ಲ. ಆದರೆ ಮೊದಲ ದಿನವೇ ಇಡೀ ಕೋರ್ಟ್‌ನಲ್ಲಿ ಓಡಾಡಲೂ ಬೇಡಿ. ಮೊದಲ ಆರು ವಾರ ಎರಡೂ ಕಡೆಯ ಸರ್ವೀಸ್ ಗೆರೆಗಳ (ನೆಟ್ ಮತ್ತು ಕೋರ್ಟ್ ಕೊನೆಯ ಗೆರೆಯ ನಡುವೆ ಅಡ್ಡಲಾಗಿ ಎಳೆದ ಗೆರೆ) ಒಳಗೆ ನಿಂತು ನಿಧಾನವಾಗಿ ಆಡಿ. ಇದಕ್ಕೆ ಮಿನಿ ಟೆನಿಸ್ ಎನ್ನುತ್ತಾರೆ. ವಾರಕ್ಕೆ ಎರಡು ದಿನ, ಒಂದೊಂದು ಸಲ ಮುಕ್ಕಾಲು ಗಂಟೆ ಸಾಕು. ಉಳಿದ ದಿನಗಳಲ್ಲಿ ಚುರುಕಾಗಿ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನೂ, ಹಿಮ್ಮಡಿ ಎತ್ತಿ ಇಳಿಸುವುದನ್ನೂ ರೂಢಿ ಮಾಡಿಕೊಳ್ಳಿ.

ಈ ನಿಧಾನಕ್ಕೆ ಒಂದು ಕಾರಣ ಇದೆ. ಉಸಿರು ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಗಟ್ಟಿ ಎಳೆಗಳಿಗೆ ಅದಕ್ಕಿಂತ ತುಂಬಾ ಸಮಯ ಬೇಕು. ಎರಡನೇ ತಿಂಗಳಲ್ಲಿ "ನಾನೀಗ ಫಿಟ್" ಅನ್ನಿಸಿ ಒಮ್ಮೆಲೇ ಜಾಸ್ತಿ ಆಡಿದಾಗಲೇ ಹಿಮ್ಮಡಿ, ಮೀನಖಂಡ, ಮೊಣಕೈ ಕೈಕೊಡುವುದು.

ಟೆನಿಸ್ ಆಡಿದರೆ ಆಯಸ್ಸು ಹೆಚ್ಚುತ್ತೆ ಅಂತ ಓದಿದೆ. ನಿಜಾನಾ?

ನೀವು ಓದಿದ್ದು ಬಹುಶಃ ಕೋಪನ್‌ಹೇಗನ್‌ನ ಹೃದಯ ಅಧ್ಯಯನದ ಬಗ್ಗೆ. ಸುಮಾರು ಎಂಟೂವರೆ ಸಾವಿರ ಜನರನ್ನು 25 ವರ್ಷಗಳವರೆಗೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಅದು. ವ್ಯಾಯಾಮವೇ ಮಾಡದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯಸ್ಸು 9.7 ವರ್ಷ ಹೆಚ್ಚು ಕಂಡಿತು. ಬ್ಯಾಡ್ಮಿಂಟನ್ ಆಡುವವರದ್ದು 6.2 ವರ್ಷ. ಹಾಗಂತ ಟೆನಿಸ್ಸೇ ಅಷ್ಟು ವರ್ಷ ಕೊಟ್ಟಿತು ಎಂದು ಹೇಳಲಾಗದು. ಟೆನಿಸ್ ಆಡುವವರಲ್ಲಿ ಹಣ, ಬಿಡುವು, ಒಳ್ಳೆಯ ಆರೈಕೆ ಇರುವವರು ಜಾಸ್ತಿ ಇರಬಹುದು. ಆದರೆ ಜೊತೆಗೊಬ್ಬರು ಇಲ್ಲದೆ ಈ ಆಟ ಆಗುವುದಿಲ್ಲ. ಯಾರೋ ಕಾಯುತ್ತಿರುತ್ತಾರೆ ಎಂಬ ಕಾರಣಕ್ಕೆ ಬೆಳಿಗ್ಗೆ ಎದ್ದು ಬರುವವರನ್ನು ತುಂಬಾ ನೋಡಿದ್ದೇನೆ. ಆ ಒಡನಾಟಕ್ಕೂ ಬೆಲೆ ಇದೆ ಅಲ್ವಾ?

ಮಗಳಿಗೆ ಆರು ವರ್ಷ. ಈಗಲೇ ಸೇರಿಸಬಹುದಾ? ದೊಡ್ಡ ಬಾಲ್ ಅವಳ ತಲೆ ಮೇಲೆ ಹೋಗುತ್ತೆ.

ಸೇರಿಸಬಹುದು, ಆದರೆ ದೊಡ್ಡವರ ಹಳದಿ ಚೆಂಡಿನಲ್ಲಿ ಬೇಡ. ಮಕ್ಕಳಿಗೆಂದೇ ನಿಧಾನದ ಚೆಂಡುಗಳಿವೆ. ಕೆಂಪು ಗುರುತಿನದು ಹಳದಿಗಿಂತ ಸುಮಾರು 75 ಶೇಕಡಾ ನಿಧಾನ, ಕಿತ್ತಳೆ 50 ಶೇಕಡಾ, ಹಸಿರು ಚುಕ್ಕೆಯದು 25 ಶೇಕಡಾ. ಕೋರ್ಟ್ ಕೂಡ ಚಿಕ್ಕದಾಗುತ್ತದೆ: ಕೆಂಪು ಚೆಂಡಿಗೆ ಸುಮಾರು 11 ಮೀಟರ್ ಉದ್ದ, ಕಿತ್ತಳೆಗೆ ಸುಮಾರು 18 ಮೀಟರ್. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಹಳದಿ ಚೆಂಡು ಬಳಸುವಂತಿಲ್ಲ ಎಂಬ ನಿಯಮ 2012ರಿಂದಲೇ ಇದೆ.

ಚೆಂಡು ಸೊಂಟದ ಎತ್ತರಕ್ಕೆ ಪುಟಿದರೆ ಮಗು ಸಹಜವಾಗಿ ಬೀಸುತ್ತದೆ. ತಲೆಯ ಮೇಲೆ ಪುಟಿದರೆ ವಕ್ರ ಹಿಡಿತ, ವಕ್ರ ಹೊಡೆತ ಕಲಿಯುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಈ ವಯಸ್ಸಿನಲ್ಲಿ ಓಟ, ಎಸೆತ, ಕ್ಯಾಚ್, ಜಿಗಿತ ಎಲ್ಲ ಆಡಲಿ. ಬೇರೆ ಆಟ ಬಿಡಿಸಬೇಡಿ.

ಮೊದಲ ರಾಕೆಟ್ ಯಾವುದು ತಗೊಳ್ಳಲಿ? ಅಂಗಡಿಯವರು ಹೇಳಿದ್ದು ಒಂದೂ ಅರ್ಥ ಆಗಲಿಲ್ಲ.

ದೊಡ್ಡವರಿಗೆ ಉದ್ದ 27 ಇಂಚು. ನಿಯಮದ ಪ್ರಕಾರ 29 ಇಂಚಿನವರೆಗೂ ಇರಬಹುದು, ಆದರೆ ಕಲಿಯುವವರಿಗೆ ಅದರ ಅಗತ್ಯವಿಲ್ಲ. ತಲೆಯ ಅಳತೆ 100ರಿಂದ 105 ಚದರ ಇಂಚು, ತಂತಿ ಹಾಕದ ತೂಕ 270ರಿಂದ 290 ಗ್ರಾಂ ಇದ್ದರೆ ಹೆಚ್ಚಿನವರಿಗೆ ಹೊಂದುತ್ತದೆ. ತೀರಾ ಹಗುರವಾದದ್ದು ಒಳ್ಳೆಯದು ಅನ್ನಿಸಬಹುದು. ಆದರೆ ವೇಗದ ಚೆಂಡು ಬಡಿದಾಗ ಹಗುರ ರಾಕೆಟ್ ಅದುರಿ, ಪೆಟ್ಟು ಕೈಗೆ ಬರುತ್ತದೆ.

ಹಿಡಿಯ ದಪ್ಪ ನೋಡುವುದು ಸುಲಭ. ಫೋರ್‌ಹ್ಯಾಂಡ್ (ರಾಕೆಟ್ ಹಿಡಿದ ಕೈಯ ಬದಿಯ ಹೊಡೆತ) ಹಿಡಿತದಲ್ಲಿ ಹಿಡಿದಾಗ ಬೆರಳ ತುದಿ ಮತ್ತು ಅಂಗೈ ನಡುವೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂರಬೇಕು. ಎರಡು ಅಳತೆಯ ನಡುವೆ ಗೊಂದಲವಾದರೆ ಚಿಕ್ಕದನ್ನೇ ಕೊಳ್ಳಿ. ಮೇಲೊಂದು ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪದ್ದನ್ನು ತೆಳ್ಳಗೆ ಮಾಡುವುದು ಸುಲಭವಲ್ಲ. ದೊಡ್ಡ ಆಟಗಾರರ ಹೆಸರಿನ ರಾಕೆಟ್ ಸದ್ಯಕ್ಕೆ ಬೇಡ.

ರನ್ನಿಂಗ್ ಶೂ ಇದೆ, ಅದೇ ಸಾಲದಾ?

ಸಾಲದು. ಓಟದ ಶೂ ಮುಂದಕ್ಕೆ ಹೋಗಲು ಮಾಡಿದ್ದು, ಹಿಮ್ಮಡಿ ಎತ್ತರ, ಬದಿ ಮೆತ್ತಗೆ. ಟೆನಿಸ್‌ನಲ್ಲಿ ಪಕ್ಕಕ್ಕೆ ಓಡಿ ತಟ್ಟನೆ ನಿಲ್ಲುತ್ತೀರಿ. ಆಗ ಪಾದ ಶೂನಿಂದ ಹೊರಕ್ಕೆ ಜಾರಿ ಕಣಕಾಲು ಉಳುಕುತ್ತದೆ. ಹಣ ಕಡಿಮೆ ಇದ್ದರೆ ರಾಕೆಟ್ ಹಳೆಯದು ಕೊಳ್ಳಿ, ಶೂ ಹೊಸದು ಕೊಳ್ಳಿ.

15, 30 ಆದ್ಮೇಲೆ 40 ಯಾಕೆ ಅನ್ನೋದು ಬಿಡಿ, ಸ್ಕೋರ್ ಲೆಕ್ಕ ಹೇಗೆ ಅಷ್ಟು ಹೇಳಿ.

ಸೊನ್ನೆಗೆ ಲವ್ ಎನ್ನುತ್ತಾರೆ. ಮೊದಲ ಪಾಯಿಂಟ್ 15, ಎರಡನೆಯದು 30, ಮೂರನೆಯದು 40, ನಾಲ್ಕನೆಯದಕ್ಕೆ ಗೇಮ್. ಇಬ್ಬರೂ 40 ಆದರೆ ಡ್ಯೂಸ್. ಅಲ್ಲಿಂದ ಎರಡು ಪಾಯಿಂಟ್ ಸತತವಾಗಿ ಗೆಲ್ಲಬೇಕು. ಆರು ಗೇಮ್ ಗೆದ್ದು ಎರಡು ಗೇಮ್ ಮುಂದಿದ್ದರೆ ಸೆಟ್ ನಿಮ್ಮದು. 6-6 ಆದರೆ ಟೈಬ್ರೇಕ್: ಏಳು ಪಾಯಿಂಟ್, ಅದರಲ್ಲೂ ಎರಡರ ಅಂತರ ಬೇಕು. ಸ್ಕೋರ್ ಹೇಳುವಾಗ ಸರ್ವ್ ಮಾಡುವವರದ್ದು ಮೊದಲು.

ಟೈಬ್ರೇಕ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾ ಮಹು ಆಡಿದ ಪಂದ್ಯ ನೋಡಿ. ಮೂರು ದಿನ ನಡೆದು, 11 ಗಂಟೆ 5 ನಿಮಿಷ ಆಡಿ, ಕೊನೆಯ ಸೆಟ್ 70-68ಕ್ಕೆ ಮುಗಿಯಿತು. ಈಗ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್‌ಗಳಲ್ಲಿ ಕೊನೆಯ ಸೆಟ್ 6-6 ಆದಾಗ ಹತ್ತು ಪಾಯಿಂಟಿನ ಟೈಬ್ರೇಕ್ ಇದೆ.

## ಮೊದಲ ತಿಂಗಳುಗಳು

ಎಷ್ಟು ಮೆಲ್ಲಗೆ ಹೊಡೆದರೂ ಬಾಲ್ ಬೇಲಿಗೆ ಹೋಗಿ ಬೀಳುತ್ತೆ. ಕೈಯಲ್ಲಿ ಏನು ತಪ್ಪಾಗ್ತಿದೆ?

ಹತ್ತರಲ್ಲಿ ಎಂಟು ಸಲ ತಪ್ಪು ಕೈಯಲ್ಲಿ ಇರುವುದಿಲ್ಲ. ಚೆಂಡು ನಿಮ್ಮ ಮೈಗೆ ತೀರಾ ಹತ್ತಿರ ಬಂದಿರುತ್ತದೆ, ಇಲ್ಲವೇ ನಿಮ್ಮನ್ನು ದಾಟಿ ಹಿಂದೆ ಹೋಗಿರುತ್ತದೆ. ಆಗ ಮಣಿಕಟ್ಟು ಮೇಲಕ್ಕೆ ತಿರುಗಿ, ರಾಕೆಟ್ ಮುಖ ಆಕಾಶ ನೋಡುತ್ತದೆ. ಆ ಮುಖದಿಂದ ಎಷ್ಟು ಮೆಲ್ಲಗೆ ತಟ್ಟಿದರೂ ಚೆಂಡು ಹಾರುತ್ತದೆ.

ಚೆಂಡನ್ನು ಮುಂದಿನ ಕಾಲಿಗಿಂತ ಸ್ವಲ್ಪ ಮುಂದೆ, ಸೊಂಟದ ಎತ್ತರದಲ್ಲಿ, ಮೈಯಿಂದ ಆರಾಮವಾಗಿ ಕೈ ಚಾಚುವಷ್ಟು ದೂರದಲ್ಲಿ ಮುಟ್ಟಬೇಕು. ಅದಕ್ಕೆ ಮೂರು ಕೆಲಸ ಬೇಗ ಆಗಬೇಕು. ಎದುರಿನವರು ಹೊಡೆಯುವ ಕ್ಷಣದಲ್ಲೇ ಎರಡೂ ಕಾಲಲ್ಲಿ ಒಂದು ಪುಟ್ಟ ನೆಗೆತ ನೆಗೆದು ನೆಲ ಮುಟ್ಟಿ. ಇದನ್ನು ಸ್ಪ್ಲಿಟ್ ಸ್ಟೆಪ್ ಎನ್ನುತ್ತಾರೆ. ಕಾಲು ನೆಲಕ್ಕೆ ಬರುವಷ್ಟರಲ್ಲಿ ಚೆಂಡು ಎತ್ತ ಬರುತ್ತಿದೆ ಎಂದು ಗೊತ್ತಾಗಿರುತ್ತದೆ, ಮೈ ಹೊರಡಲು ಸಿದ್ಧವಾಗಿರುತ್ತದೆ. ತಕ್ಷಣ ಭುಜ ತಿರುಗಿಸಿ. ಚೆಂಡು ಪುಟಿಯುವವರೆಗೆ ಕಾದು ತಿರುಗಿಸಿದರೆ ತಡವಾಯಿತು. ಆಮೇಲೆ ಚೆಂಡಿನ ಹತ್ತಿರ ಬಂದಂತೆ ಹೆಜ್ಜೆ ಚಿಕ್ಕದು ಮಾಡಿ ದೂರ ಸರಿಹೊಂದಿಸಿಕೊಳ್ಳಿ.

ಅಭ್ಯಾಸಕ್ಕೆ ಒಂದು ದಾರಿ ಇದೆ. ಇಪ್ಪತ್ತು ನಿಮಿಷ ರಾಕೆಟ್ ಇಲ್ಲದೆ ಆಡಿ. ಜೊತೆಗಾರರು ಚೆಂಡು ಎಸೆಯಲಿ. ನೀವು ಒಂದು ಪುಟಿತದ ನಂತರ ಅದನ್ನು ಮುಂದಿನ ಕಾಲಿನ ಮುಂದೆ, ಸೊಂಟದ ಎತ್ತರದಲ್ಲಿ ಹಿಡಿಯಬೇಕು. ಹಿಡಿಯಲು ಆಗದ ಚೆಂಡನ್ನು ಹೊಡೆಯಲೂ ಆಗುವುದಿಲ್ಲ. ಎರಡು ವಾರ ಇದನ್ನು ಮಾಡಿದವರ ಹೊಡೆತ, ಹೊಡೆತದ ಬಗ್ಗೆ ಒಂದು ಮಾತೂ ಹೇಳದೆ ಸುಧಾರಿಸುತ್ತದೆ.

ರಾಕೆಟ್ ಹಿಡಿಯುವ ರೀತಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾವುದು ಸರಿ?

ಹೊಡೆತಕ್ಕೆ ತಕ್ಕಂತೆ ಹಿಡಿತ ಬದಲಾಗುತ್ತದೆ, ಅದಕ್ಕೇ ಎಲ್ಲರೂ ಸರಿ. ಹಿಡಿಗೆ ಎಂಟು ಮುಖಗಳಿವೆ. ತೋರುಬೆರಳಿನ ಬುಡದ ಗೆಣ್ಣು ಯಾವ ಮುಖದ ಮೇಲೆ ಕೂತಿದೆ ಎಂಬುದರಿಂದ ಹಿಡಿತದ ಹೆಸರು.

ಸರ್ವ್, ವಾಲಿ (ಚೆಂಡು ನೆಲ ಮುಟ್ಟುವ ಮುನ್ನವೇ ಹೊಡೆಯುವುದು), ತಲೆ ಮೇಲಿನ ಹೊಡೆತಗಳಿಗೆ ಕಾಂಟಿನೆಂಟಲ್: ಸುತ್ತಿಗೆ ಹಿಡಿದು ಮೊಳೆ ಹೊಡೆಯುವ ಹಾಗೆ. ಫೋರ್‌ಹ್ಯಾಂಡ್‌ಗೆ ಈಸ್ಟರ್ನ್‌ನಿಂದ ಶುರು ಮಾಡಿ. ಅಂಗೈಯನ್ನು ತಂತಿಗಳ ಮೇಲೆ ಚಪ್ಪಟೆಯಾಗಿಟ್ಟು ಹಾಗೇ ಕೆಳಕ್ಕೆ ಜಾರಿಸಿ ಹಿಡಿ ಹಿಡಿದರೆ ಅದೇ ಈಸ್ಟರ್ನ್. ಚೆಂಡಿಗೆ ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವಂಥ ತಿರುಗು) ಕೊಡಲು ಬಂದ ಮೇಲೆ ಕೈಯನ್ನು ಇನ್ನೊಂದು ಮುಖ ಕೆಳಕ್ಕೆ ಸರಿಸಿ ಸೆಮಿ ವೆಸ್ಟರ್ನ್‌ಗೆ ಹೋಗಬಹುದು. ಎಲ್ಲದಕ್ಕೂ ಮುಖ್ಯ, ಬಿಗಿಯಾಗಿ ಹಿಡಿಯಬೇಡಿ. ಚೆಂಡು ಮುಟ್ಟುವ ಹೊತ್ತಿಗೆ ಕೈ ತಾನಾಗಿಯೇ ಬಿಗಿಯಾಗುತ್ತದೆ.

ಬ್ಯಾಕ್‌ಹ್ಯಾಂಡ್ (ರಾಕೆಟ್ ಹಿಡಿದ ಕೈಯ ಎದುರು ಬದಿಯ ಹೊಡೆತ) ಒಂದು ಕೈಯಲ್ಲಿ ಚೆಂದ ಕಾಣುತ್ತೆ. ಅದನ್ನೇ ಕಲಿಯಲಾ?

ಚೆಂದ ಕಾಣುವುದು ನಿಜ, ನನಗೂ ಇಷ್ಟ. ಆದರೆ ಹೊಸಬರಿಗೆ ಎರಡು ಕೈ ಎಂದೇ ಹೇಳುತ್ತೇನೆ. ಎತ್ತರದ ಚೆಂಡಿಗೆ ಬಲ ಸಿಗುತ್ತದೆ, ಸ್ವಲ್ಪ ತಡವಾದರೂ ಇನ್ನೊಂದು ಕೈ ಕಾಪಾಡುತ್ತದೆ, ಮೊಣಕೈ ಮೇಲಿನ ಹೊರೆಯೂ ಕಡಿಮೆ. ದೂರದ ಚೆಂಡಿಗೆ ಕೈ ಸಾಲದಾಗ ಬಳಸಲು ಒಂದು ಕೈಯ ಸ್ಲೈಸನ್ನು (ಚೆಂಡನ್ನು ಮೇಲಿನಿಂದ ಕೆಳಕ್ಕೆ ಸವರುವ ಹೊಡೆತ) ಮುಂದೆ ಸೇರಿಸಿಕೊಳ್ಳಿ.

ಸರ್ವ್ ಬಾಕ್ಸ್ ಒಳಗೆ ಬೀಳೋದೇ ಇಲ್ಲ. ಇನ್ನೂ ಜೋರಾಗಿ ಕೆಳಕ್ಕೆ ಹೊಡೆಯಬೇಕಾ?

ಕೆಳಕ್ಕೆ ಹೊಡೆಯುವುದೇ ತೊಂದರೆ. ಸ್ವಲ್ಪ ಲೆಕ್ಕ ನೋಡಿ. ಕೋರ್ಟ್ ಕೊನೆಯ ಗೆರೆಯಾದ ಬೇಸ್‌ಲೈನ್‌ನಿಂದ ನೆಟ್ 11.885 ಮೀಟರ್ ದೂರ. ನೆಟ್‌ನಿಂದ ಆಚೆಯ ಸರ್ವೀಸ್ ಗೆರೆ 6.40 ಮೀಟರ್. ನೆಟ್ ನಡುವಿನ ಎತ್ತರ 0.914 ಮೀಟರ್. ಚೆಂಡು ನೇರ ಗೆರೆಯಲ್ಲಿ ಹೋಗಿ, ನೆಟ್ ಸವರಿ, ಗೆರೆಯ ಮೇಲೆ ಬೀಳಬೇಕಾದರೆ ಅದನ್ನು ಸುಮಾರು 2.6 ಮೀಟರ್ ಎತ್ತರದಲ್ಲಿ ಹೊಡೆಯಬೇಕು. ಸಾಮಾನ್ಯ ಎತ್ತರದವರು ರಾಕೆಟ್ ಪೂರ್ತಿ ಚಾಚಿದರೂ ಅಲ್ಲಿಗೆ ಮುಟ್ಟುವುದು ಕಷ್ಟ. ಹಾಗಾಗಿ ನಿಮ್ಮ ಸರ್ವ್ ಬಾಗಿ ಇಳಿಯಲೇಬೇಕು. ಚೆಂಡನ್ನು ಮೇಲಕ್ಕೆ, ಮುಂದಕ್ಕೆ ಹೊಡೆಯಿರಿ. ಇಳಿಸುವ ಕೆಲಸವನ್ನು ಭೂಮಿಯ ಸೆಳೆತವೂ ಚೆಂಡಿನ ತಿರುಗುವಿಕೆಯೂ ನೋಡಿಕೊಳ್ಳುತ್ತವೆ.

ಇನ್ನು ಟಾಸ್, ಅಂದರೆ ಸರ್ವ್‌ಗೆ ಚೆಂಡನ್ನು ಮೇಲೆಸೆಯುವುದು. ಸರ್ವ್ ಕೆಡುವುದು ಹೆಚ್ಚಾಗಿ ಇಲ್ಲೇ. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದು, ಮೊಣಕೈ ಮಡಚದೆ, ಭುಜದಿಂದ ಮೇಲೆತ್ತಿ ಬಿಡಿ. ಹೊಡೆಯದೆ ಬಿಟ್ಟರೆ ಅದು ಮುಂದಿನ ಪಾದದ ಎದುರು, ಕೋರ್ಟ್ ಒಳಗೆ ಬೀಳಬೇಕು. ಟಾಸ್ ಕೆಟ್ಟರೆ ಹೊಡೆಯಬೇಡಿ, ಹಿಡಿದು ಮತ್ತೆ ಎಸೆಯಿರಿ. ನಿಯಮವೂ ಅದಕ್ಕೆ ಅವಕಾಶ ಕೊಡುತ್ತದೆ. ಸರ್ವ್‌ನ ಬಲವು ಮೊಣಕಾಲು ಬಗ್ಗಿಸುವುದರಿಂದ ಶುರುವಾಗಿ ಸೊಂಟ, ಭುಜ ದಾಟಿ ಕೊನೆಗೆ ಕೈಗೆ ಬರುತ್ತದೆ. ಕೈ ಒಂದೇ ಎಲ್ಲವನ್ನೂ ಮಾಡಿದರೆ ಭುಜ ನೋಯುತ್ತದೆ. ಸರ್ವೀಸ್ ಗೆರೆಯಲ್ಲೇ ನಿಂತು ಶುರು ಮಾಡಿ, ಹತ್ತಕ್ಕೆ ಏಳು ಒಳಗೆ ಬಿದ್ದಾಗ ಒಂದೆರಡು ಹೆಜ್ಜೆ ಹಿಂದೆ ಸರಿಯಿರಿ.

ಜೊತೆಗೆ ಆಡೋರು ಯಾರೂ ಇಲ್ಲ. ಗೋಡೆಗೆ ಹೊಡೆದರೆ ಪ್ರಯೋಜನ ಇದೆಯಾ?

ತುಂಬಾ ಇದೆ. ಗೋಡೆ ಚೆಂಡು ತಪ್ಪಿಸುವುದಿಲ್ಲ. ನೆಟ್ ಎತ್ತರಕ್ಕೆ ಒಂದು ಗೆರೆ ಎಳೆದು, ಅದರ ಮೇಲೆ ಒಂದು ಮೊಳದಷ್ಟು ಅಂತರ ಬಿಟ್ಟು ಹೊಡೆಯಿರಿ. ಚೆಂಡು ಬೇಗ ವಾಪಸ್ ಬರುವುದರಿಂದ ತಯಾರಾಗಲು ಸಮಯ ಸಿಗುವುದಿಲ್ಲ. ಅದಕ್ಕೆ ಎರಡು ಪುಟಿತ ಬಿಟ್ಟು ಹೊಡೆದರೂ ಸರಿ. ಒಳಗೆ ಗಾಳಿಯ ಒತ್ತಡ ಇಲ್ಲದ ಚೆಂಡು ಇದಕ್ಕೆ ಒಳ್ಳೆಯದು, ಪುಟಿತ ಬೇಗ ಸಾಯುವುದಿಲ್ಲ. ಗೋಡೆಯಿಂದ ಸಿಗದ್ದು ಒಂದೇ, ಎದುರಿನವರ ಹೊಡೆತ ಓದುವ ಕಣ್ಣು.

ವಿಡಿಯೋ ನೋಡಿ ಕಲಿಯಬಹುದಾ, ಕೋಚ್ ಬೇಕೇ ಬೇಕಾ?

ಮೊದಲ ಎರಡು ಮೂರು ತಿಂಗಳಿಗಾದರೂ ಕೋಚ್ ಬೇಕು. ವಿಡಿಯೋ ಸರಿ ಹೊಡೆತ ಹೇಗಿರುತ್ತದೆ ಎಂದು ತೋರಿಸುತ್ತದೆ, ನೀವು ಏನು ಮಾಡುತ್ತಿದ್ದೀರಿ ಎಂದು ಹೇಳುವುದಿಲ್ಲ. ಗುಂಪಿನ ಪಾಠವಾದರೂ ಸಾಕು. ಒಂದು ಸಲಕ್ಕೆ ಒಂದೇ ವಿಷಯ ತಿದ್ದುವವರು, ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸದೆ ಜಾಸ್ತಿ ಹೊತ್ತು ಓಡಾಡಿಸುವವರು ಒಳ್ಳೆಯ ಕೋಚ್.

## ಆಟಕ್ಕೆ ಮೈ ಸಜ್ಜು ಮಾಡುವುದು

ದಿನಾ 5 ಕಿಲೋಮೀಟರ್ ಓಡ್ತೀನಿ. ಆದರೂ ಎರಡು ಗೇಮ್‌ಗೆ ಏದುಸಿರು ಬರುತ್ತೆ, ಯಾಕೆ?

ಎರಡೂ ಬೇರೆ ಬೇರೆ ಓಟ. ನಿಮ್ಮ 5 ಕಿಲೋಮೀಟರ್ ಒಂದೇ ವೇಗದ, ಒಂದೇ ದಿಕ್ಕಿನ ಓಟ. ಟೆನಿಸ್‌ನಲ್ಲಿ ಮೂರು ಹೆಜ್ಜೆ ಜಿಗಿದು ಹೋಗಿ, ತಟ್ಟನೆ ನಿಂತು, ಬಲವಾಗಿ ಬೀಸಿ, ಮತ್ತೆ ವಾಪಸ್ ಬರಬೇಕು. ವೃತ್ತಿಪರ ಆಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಯಿಂಟ್‌ಗಳು ನಾಲ್ಕು ಹೊಡೆತದೊಳಗೆ ಮುಗಿಯುತ್ತವೆ. ಪಾಯಿಂಟ್‌ಗಳ ನಡುವೆ 25 ಸೆಕೆಂಡ್, ಬದಿ ಬದಲಿಸುವಾಗ 90 ಸೆಕೆಂಡ್ ಬಿಡುವು. ಒಟ್ಟು ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಂದರೆ ಚಿಕ್ಕ ಸ್ಫೋಟ, ಚಿಕ್ಕ ವಿಶ್ರಾಂತಿ, ಮತ್ತೆ ಸ್ಫೋಟ. ಮೈಯನ್ನು ಹಾಗೇ ಪಳಗಿಸಬೇಕು.

ಓಟವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಅದು ಅಡಿಪಾಯಕ್ಕೆ ಬೇಕು. ಇನ್ನೆರಡು ದಿನ ಕೋರ್ಟ್ ಮೇಲೆ 10 ಸೆಕೆಂಡ್ ಪೂರ್ತಿ ವೇಗ, 20ರಿಂದ 25 ಸೆಕೆಂಡ್ ನಡಿಗೆ, ಹೀಗೆ ಎಂಟು ಸಲ. ಎರಡು ನಿಮಿಷ ಬಿಟ್ಟು ಮತ್ತೊಂದು ಸುತ್ತು. ಸ್ಪೈಡರ್ ಡ್ರಿಲ್ ನನಗೆ ಬಹಳ ಇಷ್ಟ. ಬೇಸ್‌ಲೈನ್ ನಡುವೆ ರಾಕೆಟ್ ಇಡಿ. ಬೇಸ್‌ಲೈನ್‌ನ ಎರಡು ಮೂಲೆ, ಸರ್ವೀಸ್ ಗೆರೆಯ ಎರಡು ಮೂಲೆ, ಅದರ ನಡುವಿನ ಟಿ, ಹೀಗೆ ಐದು ಕಡೆ ಚೆಂಡಿಡಿ. ಒಂದೊಂದನ್ನೇ ಓಡಿ ತಂದು ರಾಕೆಟ್ ಮೇಲಿಡಿ. ಮುಂದೆ, ಪಕ್ಕ, ಓರೆ ಎಲ್ಲ ದಿಕ್ಕಿಗೂ ನಿಂತು ತಿರುಗುವುದು ಇದರಲ್ಲಿ ಬರುತ್ತದೆ. ನಿಲ್ಲುವಾಗ ಮೊಣಕಾಲು ಒಳಕ್ಕೆ ವಾಲದಂತೆ ನೋಡಿಕೊಳ್ಳಿ. ವೇಗಕ್ಕಿಂತ ಅದು ಮುಖ್ಯ.

ಆಡೋ ಮುಂಚೆ ಸ್ಟ್ರೆಚ್ ಮಾಡಿದರೆ ಸಾಕಲ್ವಾ?

ನಿಂತಲ್ಲೇ ಅರ್ಧ ನಿಮಿಷ ಎಳೆದು ಹಿಡಿಯುವ ಸ್ಟ್ರೆಚ್ ಆಟದ ನಂತರಕ್ಕೆ ಇರಲಿ. ಮುಂಚೆ ಬೇಕಾದದ್ದು ಮೈ ಬಿಸಿಯಾಗುವ ಚಲನೆ. ಮೆಲ್ಲನೆ ಓಟ, ಪಕ್ಕದ ಹೆಜ್ಜೆ, ಕಾಲು ಬೀಸುವುದು, ತೋಳು ತಿರುಗಿಸುವುದು, ಮುಂದೆ ಹೆಜ್ಜೆ ಇಟ್ಟು ಬಗ್ಗುವ ಲಂಜ್. ಹತ್ತು ನಿಮಿಷದಲ್ಲಿ ಸಣ್ಣಗೆ ಬೆವರು ಬರಬೇಕು. ಆಮೇಲೆ ಐದು ನಿಮಿಷ ಮಿನಿ ಟೆನಿಸ್. ಸರ್ವ್ ಕೊನೆಗೆ.

ಜಿಮ್‌ನಲ್ಲಿ ಏನು ಮಾಡಿದರೆ ಟೆನಿಸ್‌ಗೆ ಉಪಯೋಗ? ಬೈಸೆಪ್ಸ್ ಮಾಡ್ತಾ ಇದ್ದೇನೆ.

ಬೈಸೆಪ್ಸ್ ಇರಲಿ, ಆದರೆ ಹೊಡೆತದ ಬಲ ಅಲ್ಲಿಂದ ಬರುವುದಿಲ್ಲ. ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಪಕ್ಕಕ್ಕೆ ಲಂಜ್, ಒಂಟಿ ಕಾಲಿನಲ್ಲಿ ನಿಂತು ಬಗ್ಗಿ ಏಳುವುದು ಮಾಡಿ. ನಡುಮೈಗೆ ಪ್ಲ್ಯಾಂಕ್ ಮತ್ತು ಭಾರದ ಚೆಂಡನ್ನು ಪಕ್ಕದಿಂದ ಗೋಡೆಗೆ ಎಸೆಯುವುದು. ಭುಜದ ಒಳಗಿನ ಪುಟ್ಟ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ಹಿಡಿದು ಮುಂಗೈ ಹೊರಕ್ಕೆ ತಿರುಗಿಸುವ ವ್ಯಾಯಾಮ. ನೋಡಲು ಚಿಕ್ಕದು, ಆದರೆ ಸರ್ವ್ ಮಾಡಿದ ಮೇಲೆ ತೋಳಿನ ವೇಗ ತಡೆಯುವ ಕೆಲಸ ಅವುಗಳದ್ದೇ. ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ನಿಧಾನ ಇಳಿಸುವುದನ್ನು ಯಾವತ್ತೂ ಬಿಡಬೇಡಿ.

ಮೊಣಕೈ ಹೊರಗಡೆ ನೋವು. ಟೆನಿಸ್ ಎಲ್ಬೋ ಅಂತೆ. ಆಟ ಬಿಡಬೇಕಾ?

ಹೆಚ್ಚಿನವರು ಬಿಡಬೇಕಾಗುವುದಿಲ್ಲ, ಆದರೆ ನೋವು ನುಂಗಿ ಆಡಿದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಮೊಣಕೈಯ ಹೊರಗಿನ ಮೂಳೆಗೆ ಅಂಟಿರುವ ಜಾಗಕ್ಕೆ ಹೊರೆ ಮೀರಿದಾಗ ಇದು ಬರುತ್ತದೆ. ಈ ತೊಂದರೆ ಇರುವವರಲ್ಲಿ ಹೆಚ್ಚಿನವರು ಟೆನಿಸ್ಸೇ ಆಡುವುದಿಲ್ಲ. ದಿನವಿಡೀ ಕೈಯಲ್ಲಿ ಹಿಡಿದು, ಹಿಂಡಿ, ತಿರುಗಿಸಿ ಮಾಡುವ ಕೆಲಸಗಳಿಂದಲೂ ಬರುತ್ತದೆ.

ಮೊದಲು ಹೊರೆ ಇಳಿಸಿ. ಎರಡು ಮೂರು ವಾರ ಆಟ ಅರ್ಧಕ್ಕೆ ತನ್ನಿ, ನೋವು ಜಾಸ್ತಿ ಇದ್ದರೆ ನಿಲ್ಲಿಸಿ. ಮುಂಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಒಂದು ಕಿಲೋ ಭಾರವನ್ನು ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ನೋಯುವ ಕೈಯಿಂದ ಮಾತ್ರ ನಿಧಾನವಾಗಿ ಇಳಿಸಿ. ದಿನಕ್ಕೆ ಹದಿನೈದರಂತೆ ಮೂರು ಸುತ್ತು. ಸ್ವಲ್ಪ ನೋವು ಪರವಾಗಿಲ್ಲ, ಮರುದಿನ ಜಾಸ್ತಿಯಾದರೆ ಭಾರ ಕಡಿಮೆ ಮಾಡಿ. ಗುಣವಾಗಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು.

ಜೊತೆಗೆ ಕಾರಣ ಹುಡುಕಿ. ಗಡುಸಾದ ಪಾಲಿಯೆಸ್ಟರ್ ತಂತಿ, ನೆನೆದು ಭಾರವಾದ ಚೆಂಡು, ಬಿಗಿ ಹಿಡಿತ ಇವೆಲ್ಲ ಇರಬಹುದು. ಆದರೆ ನಾನು ಮೊದಲು ನೋಡುವುದು ಒಂದು ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಚೆಂಡಿಗೆ ತಡವಾಗಿ ತಲುಪಿ, ಮೊಣಕೈ ಮುಂದೆ ಮಾಡಿ ತಳ್ಳುತ್ತಿದ್ದಾರಾ ಎಂಬುದನ್ನು. ಬೆರಳು ಜೋಮು ಹಿಡಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಲೋಟ ಎತ್ತಲೂ ಆಗದಿದ್ದರೆ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಬಿಸಿಲಲ್ಲಿ ಆಡುವಾಗ ಎಷ್ಟು ನೀರು ಕುಡಿಯಬೇಕು?

ಬದಿ ಬದಲಿಸುವಾಗಲೆಲ್ಲ ಕೆಲವು ಗುಟುಕು ಕುಡಿಯಿರಿ. ಎಷ್ಟು ಎಂದು ತಿಳಿಯಲು ಆಟಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕೊರತೆಯಾಗಿದೆ. ಒಂದು ಗಂಟೆಗಿಂತ ಜಾಸ್ತಿ ಆಡಿದರೆ ನೀರಿನ ಜೊತೆ ಉಪ್ಪು, ಸಕ್ಕರೆಯೂ ಬೇಕು. ಸುಮ್ನೆ ಲೀಟರ್‌ಗಟ್ಟಲೆ ಬರೀ ನೀರು ಕುಡಿಯುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆಸುತ್ತು, ವಾಕರಿಕೆ ಬಂದರೆ ಆಟ ನಿಲ್ಲಿಸಿ ನೆರಳಿಗೆ ಹೋಗಿ. ಜೊತೆಗಾರರು ಏನೇನೋ ಮಾತಾಡಲು ಶುರು ಮಾಡಿದರೆ ಅಥವಾ ತೂರಾಡಿದರೆ ಅದು ತುರ್ತು ಪರಿಸ್ಥಿತಿ. ಮೈಮೇಲೆ ತಣ್ಣೀರು ಸುರಿಯುತ್ತಾ ಆಂಬುಲೆನ್ಸ್ ಕರೆಸಿ.

## ಪಂದ್ಯ ಆಡಲು ಶುರು ಮಾಡಿದ ಮೇಲೆ

ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಆಡ್ತೀನಿ. ಮ್ಯಾಚ್‌ನಲ್ಲಿ ಸುಮ್ನೆ ತಳ್ಳುವವರ ಕೈಲಿ ಸೋಲ್ತೀನಿ. ಏನು ಮಾಡಲಿ?

ಅವರು ತಳ್ಳುತ್ತಾರೆ ಎಂದು ಕೀಳಾಗಿ ಕಾಣಬೇಡಿ. ಅವರು ಚೆಂಡಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ, ಅದೇ ಅವರ ಆಟ. ಈ ಮಟ್ಟದಲ್ಲಿ ಪಾಯಿಂಟ್ ಬರುವುದು ಹೆಚ್ಚಾಗಿ ಎದುರಿನವರ ತಪ್ಪಿನಿಂದ. ನಿಮ್ಮ ತಪ್ಪು ಕಡಿಮೆಯಾದರೆ ಲೆಕ್ಕ ತಿರುಗುತ್ತದೆ.

ಓರೆಯಾಗಿ ಆಡಿ. ನೆಟ್ ನಡುವೆ 0.914 ಮೀಟರ್, ಕಂಬದ ಹತ್ತಿರ 1.07 ಮೀಟರ್. ಓರೆ ಹೊಡೆತ ತಗ್ಗಿನ ಭಾಗದ ಮೇಲೆ ಹೋಗುತ್ತದೆ. ಅದಕ್ಕೆ ಸಿಗುವ ಉದ್ದವೂ ಜಾಸ್ತಿ. ಸಿಂಗಲ್ಸ್ ಕೋರ್ಟ್‌ನ ಉದ್ದ 23.77 ಮೀಟರ್, ಮೂಲೆಯಿಂದ ಮೂಲೆಗೆ ಸುಮಾರು 25.15. ಹತ್ತಿರತ್ತಿರ ಒಂದೂವರೆ ಮೀಟರ್ ಪುಕ್ಕಟೆ. ಜೊತೆಗೆ, ಓರೆ ಹೊಡೆದ ಮೇಲೆ ವಾಪಸ್ ನಿಲ್ಲಬೇಕಾದ ಜಾಗಕ್ಕೆ ನಿಮ್ಮ ಓಟ ಕಡಿಮೆ. ನೇರ ಗೆರೆಗುಂಟ ಹೊಡೆಯುವುದನ್ನು ಚೆಂಡು ನೆಟ್‌ಗೆ ಹತ್ತಿರ ಬಿದ್ದಾಗ, ನೀವು ಸಮತೋಲನದಲ್ಲಿರುವಾಗ ಮಾತ್ರ ಮಾಡಿ.

ಪ್ರಾಕ್ಟೀಸನ್ನೂ ಬದಲಿಸಿ. ನಡುವೆ ನಿಂತು ಹೊಡೆದಾಡುವುದು ಪಂದ್ಯದ ಹಾಗಿರುವುದಿಲ್ಲ. ಪ್ರತಿ ಸಲ ಅರ್ಧ ಹೊತ್ತು ಸ್ಕೋರ್ ಇಟ್ಟು ಆಡಿ.

ಟಾಪ್‌ಸ್ಪಿನ್ ಹೇಗೆ ಬರುತ್ತೆ? ಮಣಿಕಟ್ಟು ತಿರುಗಿಸಬೇಕಾ?

ಮಣಿಕಟ್ಟು ತಿರುಗಿಸಲು ಹೋಗಬೇಡಿ. ರಾಕೆಟ್ ತಲೆ ಚೆಂಡಿಗಿಂತ ಕೆಳಗಿನಿಂದ ಹೊರಟು ಮೇಲಕ್ಕೆ ಹೋಗಬೇಕು, ಮುಟ್ಟುವಾಗ ಮುಖ ಬಹುತೇಕ ನೆಟ್ಟಗಿರಬೇಕು. ಮೊಣಕಾಲು ಬಗ್ಗಿಸಿ ಎದ್ದರೆ ಈ ಏರಿಕೆ ತಾನಾಗಿ ಬರುತ್ತದೆ. ಮೇಲ್ಭಾಗ ಮುಂದಕ್ಕೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ನೆಟ್‌ಗಿಂತ ಒಂದು ಮೀಟರ್ ಮೇಲೆ ಹೊಡೆದರೂ ಒಳಗೆ ಇಳಿಯುತ್ತದೆ.

ಎರಡನೇ ಸರ್ವ್ ಬಂದರೆ ಕೈ ನಡುಗುತ್ತೆ. ಮೆಲ್ಲಗೆ ತಟ್ಟಿ ಒಳಗೆ ಹಾಕಿದರೆ ಸಾಲದಾ?

ಸ್ವಲ್ಪ ದಿನ ಸಾಕು, ಆಮೇಲೆ ಎದುರಿನವರು ಅದನ್ನೇ ಕಾಯುತ್ತಾರೆ. ಎರಡನೇ ಸರ್ವ್‌ನಲ್ಲಿ ಬೀಸುವ ವೇಗ ಇಳಿಸಬೇಡಿ. ಆ ವೇಗವನ್ನು ಚೆಂಡು ತಿರುಗಿಸಲು ಬಳಸಿ. ಬಲಗೈಯವರು ಚೆಂಡಿನ ಬಲಪಕ್ಕವನ್ನು ಸವರಿದರೆ ಸ್ಲೈಸ್. ಮೊದಲು ಇದನ್ನೇ ಕಲಿಯಿರಿ, ಭುಜಕ್ಕೂ ಹಗುರ. ಪಂದ್ಯದಲ್ಲಿ ನಡುಕ ಬಂದಾಗ ಕೈ ನಿಧಾನವಾಗುತ್ತದೆ, ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪುವುದು) ಆಗುವುದು ಆಗಲೇ. ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಎರಡನೇ ಸರ್ವ್ ಒಂದನ್ನೇ ಅಭ್ಯಾಸ ಮಾಡುವ ದಿನ ಇರಲಿ.

ಡಬಲ್ಸ್‌ನಲ್ಲಿ ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗಲ್ಲ.

ಜೊತೆಗಾರರು ಎತ್ತ ಸರಿಯುತ್ತಾರೋ ಅತ್ತಲೇ ನೀವೂ ಸರಿಯಿರಿ, ನಡುವಿನ ಅಂತರ ಬೆಳೆಯಲು ಬಿಡಬೇಡಿ. ನೆಟ್ ಹತ್ತಿರ ನಿಂತವರು ಸರ್ವೀಸ್ ಬಾಕ್ಸ್‌ನ ನಡುವೆ ಇರಲಿ, ನೆಟ್‌ಗೆ ಅಂಟಿಕೊಂಡರೆ ಲಾಬ್ (ಎತ್ತರಕ್ಕೆ ಎತ್ತಿ ಹೊಡೆದ ಚೆಂಡು) ತಲೆ ಮೇಲೆ ಹೋಗುತ್ತದೆ. ಗೊಂದಲವಾದರೆ ಎದುರಿನ ಇಬ್ಬರ ನಡುವೆ ಹೊಡೆಯಿರಿ. ನಿಮ್ಮ ನಡುವೆ ಬಂದ ಚೆಂಡು ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ.

ಅಂಪೈರ್ ಇಲ್ಲದಾಗ ಔಟ್ ಯಾರು ಹೇಳಬೇಕು? ಪ್ರತಿ ಸಲ ಜಗಳ ಆಗುತ್ತೆ.

ನಿಮ್ಮ ಬದಿಯ ಗೆರೆಗಳ ತೀರ್ಪು ನಿಮ್ಮದು, ಅವರ ಬದಿಯದು ಅವರದು. ಗೆರೆಯ ಅಂಚು ಸವರಿದರೂ ಚೆಂಡು ಒಳಗೇ. ಅನುಮಾನ ಇದ್ದರೆ ಒಳಗೆ ಎಂದೇ ಲೆಕ್ಕ. "ಗೊತ್ತಾಗಲಿಲ್ಲ, ಮತ್ತೆ ಆಡೋಣ" ಎನ್ನುವುದು ಸರಿಯಲ್ಲ, ಪಾಯಿಂಟ್ ಎದುರಿನವರಿಗೆ ಬಿಟ್ಟುಕೊಡಿ. ಔಟ್ ಎಂದು ತಕ್ಷಣ, ಜೋರಾಗಿ ಹೇಳಿ.

ತಂತಿ ಯಾವುದು ಹಾಕಿಸಲಿ? ಎಷ್ಟು ದಿನಕ್ಕೆ ಬದಲಿಸಬೇಕು?

ಕಲಿಯುವವರಿಗೆ ಮಲ್ಟಿಫಿಲಮೆಂಟ್ ಅಥವಾ ಸಿಂಥೆಟಿಕ್ ಗಟ್, ಬಿಗಿತ 50ರಿಂದ 54 ಪೌಂಡ್. ಬಿಗಿತ ಕಡಿಮೆಯಾದರೆ ಚೆಂಡು ದೂರ ಹೋಗುತ್ತದೆ, ಕೈಗೆ ಮೆತ್ತಗಿರುತ್ತದೆ. ಟಿವಿಯಲ್ಲಿ ಕಾಣುವವರು ಬಳಸುವ ಪಾಲಿಯೆಸ್ಟರ್ ತುಂಬಾ ವೇಗವಾಗಿ ಬೀಸುವವರಿಗೆ, ತಂತಿಯನ್ನು ಪದೇ ಪದೇ ತುಂಡು ಮಾಡುವವರಿಗೆ. ವಾರಕ್ಕೆ ಎಷ್ಟು ಸಲ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಬದಲಿಸಿ ಎಂಬ ಹಳೆಯ ಲೆಕ್ಕ ಸಾಮಾನ್ಯ ಆಟಗಾರರಿಗೆ ಸಾಕಾಗುತ್ತದೆ.

ಎರಡು ವರ್ಷದಿಂದ ಆಡ್ತಿದ್ದೇನೆ, ಆರು ತಿಂಗಳಿಂದ ಆಟ ನಿಂತಲ್ಲೇ ನಿಂತಿದೆ. ಹೊಸ ರಾಕೆಟ್ ತಗೊಳ್ಳಲಾ?

ಅದಕ್ಕೂ ಮುಂಚೆ ಒಂದು ಸೆಟ್ ಪೂರ್ತಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಬೇಸ್‌ಲೈನ್ ಹಿಂದೆ, ಎತ್ತರದಲ್ಲಿ ಇಟ್ಟರೆ ಕೋರ್ಟ್ ಪೂರ್ತಿ ಕಾಣುತ್ತದೆ. ನೋಡುವಾಗ ಮೊದಲ ಸಲ ನಿಮ್ಮ ಪಾದ ಮಾತ್ರ ನೋಡಿ. ಎದುರಿನವರು ಹೊಡೆಯುವ ಹೊತ್ತಿಗೆ ನೆಗೆಯುತ್ತಿದ್ದೀರಾ, ಅಥವಾ ಹೊಡೆದ ಮೇಲೆ ನೋಡುತ್ತಾ ನಿಂತಿದ್ದೀರಾ? ಎರಡನೇ ಸಲ ಸೋತ ಪಾಯಿಂಟ್‌ಗಳನ್ನು ಮಾತ್ರ ನೋಡಿ ಕಾರಣ ಬರೆಯಿರಿ: ನೆಟ್, ಔಟ್, ಡಬಲ್ ಫಾಲ್ಟ್, ಎದುರಿನವರ ಒಳ್ಳೆಯ ಹೊಡೆತ. ಯಾವ ಕಾರಣ ಜಾಸ್ತಿ ಬಂತೋ ಅದೊಂದನ್ನೇ ಮುಂದಿನ ಎಂಟು ವಾರ ಹಿಡಿದುಕೊಳ್ಳಿ. ಆಮೇಲೆ ಅದೇ ಜೊತೆಗಾರರ ಜೊತೆ, ಅದೇ ಕೋರ್ಟ್‌ನಲ್ಲಿ ಮತ್ತೊಂದು ಸೆಟ್ ರೆಕಾರ್ಡ್ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಲು ಸರಿಯಾಗಿ ಹೋಗುತ್ತಿದ್ದರೂ ಹೊಡೆತ ಅದುರುತ್ತಿದ್ದರೆ ಆಗ ರಾಕೆಟ್ ಬದಲಿಸುವ ಮಾತಾಡೋಣ. ಆಗಲೂ ಎರಡು ಮೂರು ರಾಕೆಟ್ ಎರವಲು ತಂದು, ಒಂದೊಂದರಲ್ಲೂ ಸರ್ವ್ ಮಾಡಿ, ಪಂದ್ಯ ಆಡಿ ನೋಡಿದ ಮೇಲೆಯೇ ಕೊಳ್ಳಿ.